ಬ್ರೆಡ್ಡೇ, ರೊಟ್ಟಿಯೇ, ಗಂಜಿಯೇ? — ಮೂತ್ರಪಿಂಡದ ರೋಗಿಗೆ ತಕ್ಕ ಆಹಾರ

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಯಾರಾದರೊಬ್ಬರು ಕಾಯಿಲೆಯಿಂದ ಮಲಗಿರುವರೆಂಬ ವರ್ತಮಾನ ಬಂದರೆ ಬರಿಗೈಯಲ್ಲಿ ನೋಡಲು ಹೋಗುವ ಪದ್ಧತಿಯಿಲ್ಲ. ಬಸ್ಸಿನಿಂದ ಇಳಿದವರು ಪೇಟೆಯಲ್ಲಿ ಒಂದು ಕಟ್ಟು ಬ್ರೆಡ್ಡು, ಒಂದು ಪೊಟ್ಟಣ ಬಿಸ್ಕತ್ತು, ಒಂದು ಚಿಪ್ಪು ಬಾಳೆಹಣ್ಣು, ಸಾಧ್ಯವಾದರೆ ಎರಡು ಬೊಂಡ, ಇಷ್ಟನ್ನು ಕೊಂಡು ಚೀಲದಲ್ಲಿ ತುಂಬಿಕೊಂಡೇ ರೋಗಿಯ ಮನೆಯ ಮೆಟ್ಟಿಲನ್ನು ಹತ್ತುವರು. ಬ್ರೆಡ್ಡು ಹಗುರವಾದ ಆಹಾರ, ಸುಲಭವಾಗಿ ಜೀರ್ಣವಾಗುವುದು, ಆಸ್ಪತ್ರೆಯಲ್ಲಿಯೂ ಅದನ್ನೇ ಕೊಡುವರು ಎಂಬ ನಂಬಿಕೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಜ್ವರ ಬಂದು ಬಾಯಿ ಕೆಟ್ಟವನಿಗೆ ಈ ಚೀಲವು ನಿಜವಾಗಿಯೂ ಉಪಕಾರವನ್ನೇ ಮಾಡೀತು. ಆದರೆ ಮಲಗಿರುವವರ ಮೂತ್ರಪಿಂಡಗಳು ಕೆಟ್ಟಿದ್ದರೆ, ಪ್ರೀತಿಯಿಂದ ತಂದ ಅದೇ ಚೀಲದಲ್ಲಿ ಅಪಾಯವೂ ಸೇರಿಕೊಂಡಿರುವುದುಂಟು. ಈ ವಿಷಯವನ್ನು ಅರಿಯದೆ ಕಷ್ಟಕ್ಕೊಳಗಾಗುವ ಸಂಸಾರಗಳು ಹಲವಾಗಿರುವುದರಿಂದ, ಮನೆಯಲ್ಲಿ ಅಡಿಗೆಯ ಹೊಣೆ ಹೊತ್ತಿರುವ ತಾಯಂದಿರ ಉಪಯೋಗಕ್ಕಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆಯಲಾಗಿದೆ.

ಮೂತ್ರಪಿಂಡಗಳ ಕಾರ್ಯ

ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಅವರೆಕಾಳಿನ ಆಕಾರದ ಎರಡು ಅವಯವಗಳಿವೆ. ಇವೇ ಮೂತ್ರಪಿಂಡಗಳು. ಒಂದೊಂದರ ತೂಕವು ಸುಮಾರು 150 ಗ್ರಾಂ ಮಾತ್ರ. ಆದರೆ ಒಂದೊಂದರೊಳಗೂ ಸುಮಾರು ಹತ್ತು ಲಕ್ಷ ಅತಿಸೂಕ್ಷ್ಮವಾದ ಶೋಧಕ ನಾಳಗಳಿರುವುವು. ಇವು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಬೇಡವಾದುದನ್ನು ಒಂದೂವರೆ ಲೀಟರಿನಷ್ಟು ಮೂತ್ರದ ರೂಪದಲ್ಲಿ ಹೊರಹಾಕುವುವು. ನಾವು ತಿಂದ ಉಪ್ಪು, ಹಣ್ಣು ತರಕಾರಿಗಳಲ್ಲಿರುವ ಪೊಟ್ಯಾಸಿಯಂ ಎಂಬ ಲವಣ, ಧಾನ್ಯ ಬೇಳೆ ಹಾಲುಗಳಲ್ಲಿರುವ ರಂಜಕ, ಸಸಾರಜನಕವು ಜೀರ್ಣವಾದ ಮೇಲೆ ಉಳಿಯುವ ಯೂರಿಯಾ, ಇವುಗಳಲ್ಲಿ ಹೆಚ್ಚಾದುದನ್ನು ಹೊರದೂಡುವ ಕೆಲಸವು ಮುಖ್ಯವಾಗಿ ಇವುಗಳದೇ. ಹಿಂದಿನವರು ಸಸಾರಜನಕವೆಂದು ಬರೆಯುತ್ತಿದ್ದುದನ್ನೇ ಈಗ ಪ್ರೋಟೀನೆಂದು ಕರೆಯುವರು.

ಬಹುಕಾಲದ ಸಿಹಿಮೂತ್ರರೋಗ ಮತ್ತು ರಕ್ತದ ಒತ್ತಡ, ಇವೆರಡೇ ಮೂತ್ರಪಿಂಡಗಳನ್ನು ಹಾಳುಮಾಡುವ ಕಾರಣಗಳಲ್ಲಿ ಮುಖ್ಯವಾದುವು. ಹಾಳಾಗುವ ಕಾರ್ಯವು ನಿಶ್ಶಬ್ದವಾಗಿ ನಡೆಯುವುದು. ಕಾಲು ಊದಿಕೊಂಡು, ಆಹಾರ ರುಚಿಸದೆ, ಓಕರಿಕೆ ಬಂದು ವೈದ್ಯರ ಬಳಿಗೆ ಹೋಗುವ ಹೊತ್ತಿಗೆ ಅನೇಕರಲ್ಲಿ ಮೂತ್ರಪಿಂಡದ ಶಕ್ತಿಯ ಬಹುಪಾಲು ನಷ್ಟವಾಗಿರುತ್ತದೆ. ಈ ರೋಗವನ್ನು ವೈದ್ಯರು ಐದು ಹಂತಗಳಾಗಿ ವಿಂಗಡಿಸಿರುವರು. ಮೊದಲಿನ ಹಂತದವನ ಪಥ್ಯವು ಬೇರೆ, ವಾರಕ್ಕೆ ಎರಡು ಮೂರು ಸಲ ಯಂತ್ರದಿಂದ ರಕ್ತವನ್ನು ಶುದ್ಧಿಮಾಡಿಸಿಕೊಳ್ಳುವ, ಅಂದರೆ ಡಯಾಲಿಸಿಸ್ ಮಾಡಿಸಿಕೊಳ್ಳುವ, ರೋಗಿಯ ಪಥ್ಯವು ಬೇರೆ. ನೆರೆಮನೆಯವರಿಗೆ ಹೇಳಿದ ಪಥ್ಯವನ್ನು ನಮ್ಮ ಮನೆಯವರಿಗೆ ಮಾಡಿಸಬಾರದೆಂಬುದಕ್ಕೆ ಇದೇ ಕಾರಣ.

ಬ್ರೆಡ್ಡಿನಲ್ಲಿ ಅಡಗಿರುವ ಉಪ್ಪು

ಬ್ರೆಡ್ಡನ್ನು ನಾಲಗೆಯ ಮೇಲಿಟ್ಟರೆ ಉಪ್ಪೆನಿಸುವುದಿಲ್ಲ, ತುಸು ಸಿಹಿಯಾಗಿಯೇ ತೋರುವುದು. ಆದುದರಿಂದಲೇ ಅದು ಮೋಸಗೊಳಿಸುತ್ತದೆ. ಅಂಗಡಿಯ ಸಾಮಾನ್ಯ ಬ್ರೆಡ್ಡಿನ 100 ಗ್ರಾಮಿನಲ್ಲಿ ಒಂದರಿಂದ ಒಂದೂಕಾಲು ಗ್ರಾಮಿನಷ್ಟು ಉಪ್ಪು ಇರುವುದುಂಟು. ಹಿಟ್ಟಿನ ನಾರು ಬಿಗಿಯಾಗುವುದಕ್ಕೂ, ಹುದುಗು ಹದ ಮೀರಿ ಉಬ್ಬದಿರುವುದಕ್ಕೂ ಬೇಕರಿಯವರಿಗೆ ಉಪ್ಪು ಬೇಕೇಬೇಕು. ನಾಲ್ಕು ಹೋಳುಗಳನ್ನು ತಿಂದರೆ ಸುಮಾರು ಒಂದೂಕಾಲು ಗ್ರಾಂ ಉಪ್ಪು ಹೊಟ್ಟೆಗೆ ಹೋದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಮಿಗಿಂತ ಕಡಮೆ, ಎಂದರೆ ಒಂದು ಚಿಕ್ಕ ಚಮಚದಷ್ಟು, ಉಪ್ಪು ಸಾಕೆಂದಿದೆ. ಮೂತ್ರಪಿಂಡದ ರೋಗಿಗಳಿಗೂ ಸಾಮಾನ್ಯವಾಗಿ ಇದೇ ಮೇರೆ. ದಿನದ ಪಾಲಿನಲ್ಲಿ ಕಾಲುಭಾಗವು ಬೆಳಗಿನ ಚಹಾದೊಡನೆಯೇ ಮುಗಿದುಹೋದರೆ, ಮಧ್ಯಾಹ್ನದ ಸಾರಿಗೂ ರಾತ್ರಿಯ ಪಲ್ಯಕ್ಕೂ ಉಳಿಯುವುದೆಷ್ಟು? ಬ್ರೆಡ್ಡಿಗೆ ಉಪ್ಪುಬೆಣ್ಣೆಯನ್ನು ಸವರಿದರಂತೂ ಲೆಕ್ಕವು ಇನ್ನೂ ಏರುವುದು. ಹೆಚ್ಚಾದ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುವುದು. ಅದರಿಂದ ಬಾಯಾರಿಕೆ, ಬಾವು, ರಕ್ತದ ಒತ್ತಡ, ಕೊನೆಗೆ ಏದುಸಿರು, ಹೀಗೆ ಒಂದರ ಹಿಂದೊಂದು ಬರುವುವು.

ಇದನ್ನು ಕೇಳಿ, "ಹಾಗಾದರೆ ಬಿಳಿ ಬ್ರೆಡ್ಡನ್ನು ಬಿಟ್ಟು ಕಂದುಬಣ್ಣದ್ದನ್ನು ತರೋಣ" ಎನ್ನುವವರುಂಟು. ಬಣ್ಣವನ್ನು ನೋಡಿ ಗುಣವನ್ನು ನಿರ್ಣಯಿಸಲಾಗದು. ಕೆಲವು ಕಂದು ಬ್ರೆಡ್ಡುಗಳಲ್ಲಿ ಮೈದಾಹಿಟ್ಟೇ ಹೆಚ್ಚಾಗಿದ್ದು, ಸುಟ್ಟ ಸಕ್ಕರೆಯ ಬಣ್ಣವನ್ನು ಕೂಡಿಸಿರುವರು. ಹೊದಿಕೆಯ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿರುವುದರಿಂದ, ಮೊದಲಿಗೆ ಬರೆದಿರುವುದು ಗೋಧಿಹಿಟ್ಟೇ ಮೈದಾವೇ ಎಂದು ಓದಿ ತಿಳಿಯಬಹುದು. ಇಡೀ ಗೋಧಿಯ ಬ್ರೆಡ್ಡಿನಲ್ಲಿಯೂ ಉಪ್ಪು ಬಹುಮಟ್ಟಿಗೆ ಅಷ್ಟೇ ಇರುವುದೆಂಬುದನ್ನು ಮರೆಯಬಾರದು.

ರಂಜಕದ ವಿಚಾರ

ಬಿಳಿ ಬ್ರೆಡ್ಡಿನ 100 ಗ್ರಾಮಿನಲ್ಲಿ ಸುಮಾರು 100 ಮಿಲಿಗ್ರಾಂ ರಂಜಕವೂ ಅಷ್ಟೇ ಪೊಟ್ಯಾಸಿಯಮೂ ಇದ್ದರೆ, ಇಡೀ ಗೋಧಿಯ ಬ್ರೆಡ್ಡಿನಲ್ಲಿ ಇವೆರಡೂ ಸುಮಾರು ಇಮ್ಮಡಿಯಾಗಿರುವುವು. ಧಾನ್ಯದ ತವುಡಿನಲ್ಲಿಯೇ ಈ ಲವಣಗಳು ನೆಲೆಸಿರುವುದೇ ಇದಕ್ಕೆ ಕಾರಣ. ಹಿಂದೆ ಈ ಲೆಕ್ಕವನ್ನೇ ನೋಡಿ ಮೂತ್ರಪಿಂಡದ ರೋಗಿಗಳೆಲ್ಲರಿಗೂ ಬಿಳಿ ಬ್ರೆಡ್ಡೇ ಉತ್ತಮವೆಂದು ಹೇಳುತ್ತಿದ್ದರು. ಆದರೆ ತವುಡಿನಲ್ಲಿರುವ ರಂಜಕವು ಫೈಟೇಟ್ ಎಂಬ ರೂಪದಲ್ಲಿ ಬಿಗಿದುಕೊಂಡಿರುವುದರಿಂದ ಮನುಷ್ಯನ ಕರುಳು ಅದರಲ್ಲಿ ಒಂದು ಭಾಗವನ್ನು ಮಾತ್ರ ಹೀರಿಕೊಳ್ಳುವುದೆಂದು ಈಗ ತಿಳಿದುಬಂದಿದೆ. ಇದಕ್ಕೆ ವಿಪರೀತವಾಗಿ, ಕಾರ್ಖಾನೆಯ ತಿನಿಸುಗಳಿಗೆ ಉಬ್ಬಲೆಂದೋ ಕೆಡದಿರಲೆಂದೋ ಕೂಡಿಸುವ ಫಾಸ್ಫೇಟ್ ಲವಣಗಳು ಬಹುಪಾಲು ಪೂರ್ತಿಯಾಗಿಯೇ ರಕ್ತಕ್ಕೆ ಸೇರುವುವು. ರಕ್ತದಲ್ಲಿ ರಂಜಕವು ಹೆಚ್ಚಿದರೆ ಮೈ ತುರಿಸುವುದು, ಎಲುಬುಗಳು ಸವೆಯುವುವು, ರಕ್ತನಾಳಗಳು ಗಡುಸಾಗುವುವು.

ಆದುದರಿಂದ ಬ್ರೆಡ್ಡು, ಕೇಕು, ಬಿಸ್ಕತ್ತುಗಳ ಹೊದಿಕೆಯ ಮೇಲೆ ಫಾಸ್ಫೇಟ್ ಎಂಬ ಮಾತಾಗಲಿ, 338ರಿಂದ 343ರ ವರೆಗಿನ ಅಥವಾ 450, 451, 452, 541 ಎಂಬ ಸಂಖ್ಯೆಗಳಾಗಲಿ ಕಂಡುಬಂದರೆ ಅವನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಲೇಸು. ಮನೆಯಲ್ಲಿ ಶಾಲೆಗೆ ಹೋಗುವ ಮಗುವೊಂದಿದ್ದರೆ ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆಸಿ ಪೇಟೆಯ ಚೀಲದಲ್ಲಿ ಇಟ್ಟುಕೊಳ್ಳಬಹುದು. ಕಣ್ಣು ಮಂದವಾದ ಹಿರಿಯರಿಗಿಂತ ಮಕ್ಕಳೇ ಸಣ್ಣ ಅಕ್ಷರಗಳನ್ನು ಚೆನ್ನಾಗಿ ಓದುವರು.

ಹೀಗೆ, ರೋಗದ ಮೊದಲ ಹಂತಗಳಲ್ಲಿ, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ರಂಜಕಗಳು ಹದದಲ್ಲಿರುವವರು ಇಡೀ ಗೋಧಿಯ ರೊಟ್ಟಿಗೆ ಹೆದರಬೇಕಾಗಿಲ್ಲ. ಸಿಹಿಮೂತ್ರವಿರುವವರಿಗೆ ಅದೇ ಮೇಲು. ಅದರ ನಾರು ಮಲಬದ್ಧತೆಯನ್ನು ಕಳೆಯುವುದು. ಮಲವು ಸರಿಯಾಗಿ ಹೋಗುವವರ ದೇಹದಿಂದ ಪೊಟ್ಯಾಸಿಯಮೂ ಸ್ವಲ್ಪ ಹೆಚ್ಚಾಗಿ ಹೊರಬೀಳುವುದು. ಕೊನೆಯ ಹಂತಗಳಲ್ಲಿ, ರಕ್ತಪರೀಕ್ಷೆಯ ಅಂಕೆಗಳು ಏರಿದ್ದರೆ, ವೈದ್ಯರು ಬಿಳಿಯದನ್ನು ಸೂಚಿಸಬಹುದು. ಎರಡೂ ಮಾತುಗಳು ಸತ್ಯವೇ. ಯಾರಿಗೆ ಯಾವುದೆಂಬುದನ್ನು ರಕ್ತಪರೀಕ್ಷೆಯ ಕಾಗದವೇ ನಿರ್ಣಯಿಸತಕ್ಕದ್ದು.

ನಮ್ಮ ಊರಿನ ತಿಂಡಿಗಳು

ಬ್ರೆಡ್ಡಿಗಿಂತಲೂ ನಮ್ಮವರಿಗೆ ಪ್ರಿಯವಾದುದು ಬನ್ಸ್. ಮೈದಾಹಿಟ್ಟಿಗೆ ಕಳಿತ ಬಾಳೆಹಣ್ಣು, ಮೊಸರು, ಸಕ್ಕರೆ, ಉಪ್ಪು, ಸೋಡಾ ಕೂಡಿಸಿ ಕಲಸಿಟ್ಟು ಎಣ್ಣೆಯಲ್ಲಿ ಕರಿಯುವ ಈ ತಿಂಡಿಯು ಆರೋಗ್ಯವಂತರಿಗೆ ಬಲು ಸೊಗಸು. ಆದರೆ ಒಂದು ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇರುವುದು. ಒಂದು ಚಿಕ್ಕ ಚಮಚ ಅಡಿಗೆಸೋಡಾದಲ್ಲಿರುವ ಸೋಡಿಯಂ, 3 ಗ್ರಾಂ ಉಪ್ಪಿನಲ್ಲಿರುವಷ್ಟಕ್ಕೆ ಸಮಾನ. ಪೊಟ್ಯಾಸಿಯಂ ಏರಿದ ರೋಗಿಯು ಬನ್ಸನ್ನು ದೂರವಿಡುವುದೇ ಕ್ಷೇಮ. ಕೆಲವು ರೋಗಿಗಳಿಗೆ ವೈದ್ಯರೇ ಸೋಡಾದ ಗುಳಿಗೆಗಳನ್ನು ಬರೆದುಕೊಡುವುದುಂಟು. ಅದು ರಕ್ತದ ಹುಳಿಯನ್ನು ಇಳಿಸುವ ಔಷಧ, ಅಳತೆಯಿಂದ ಕೊಟ್ಟುದು. ಅದನ್ನು ನೋಡಿ ತಿಂಡಿಗೆ ಸೋಡಾ ಹಾಕಬಹುದೆಂದು ತಿಳಿಯಬಾರದು, ಅಡಿಗೆಸೋಡಾಕ್ಕೆ ಹೆದರಿ ಗುಳಿಗೆಯನ್ನೂ ಬಿಡಬಾರದು.

ಇನ್ನು ಅಕ್ಕಿಯ ತಿಂಡಿಗಳು. ಈ ವಿಷಯದಲ್ಲಿ ತುಳುನಾಡಿನವರು ಪುಣ್ಯವಂತರೆಂದೇ ಹೇಳಬೇಕು. ಬೆಳ್ತಿಗೆ ಅಕ್ಕಿಯ 100 ಗ್ರಾಮಿನಲ್ಲಿ ಪೊಟ್ಯಾಸಿಯಮೂ ರಂಜಕವೂ ಸುಮಾರು ನೂರು ನೂರು ಮಿಲಿಗ್ರಾಂ ಮಾತ್ರ. ಗೋಧಿಹಿಟ್ಟಿನಲ್ಲಿ ಇವು ಸುಮಾರು ಮೂರು ಪಾಲು. ರಾಗಿಯಲ್ಲಿ ಪೊಟ್ಯಾಸಿಯಂ ನಾಲ್ಕು ಪಾಲಿಗಿಂತಲೂ ಹೆಚ್ಚು. ರಾಗಿಯು ಎಲ್ಲ ರೋಗಕ್ಕೂ ಒಳ್ಳೆಯದೆಂದು ನಂಬಿ ದಿನವೂ ರಾಗಿಯ ಅಂಬಲಿಯನ್ನು ಕುಡಿಸುವವರು ಈ ಅಂಕೆಯನ್ನು ಗಮನಿಸಬೇಕು. ಕುಚ್ಚಲಕ್ಕಿಯಲ್ಲಿ ಬೆಳ್ತಿಗೆಗಿಂತ ಲವಣಗಳು ಸ್ವಲ್ಪ ಹೆಚ್ಚಾಗಿದ್ದರೂ, ನಾವು ಅದನ್ನು ಬಹಳ ನೀರಿನಲ್ಲಿ ಬೇಯಿಸಿ ಬಸಿಯುವ ಪದ್ಧತಿಯವರಾದುದರಿಂದ ಕೆಲವಂಶವು ತಿಳಿಯೊಡನೆ ಹೊರಟುಹೋಗುವುದು.

ನೀರುದೋಸೆಗೆ ಬೇಕಾದುದು ಅಕ್ಕಿ, ನೀರು, ಚಿಟಿಕೆ ಉಪ್ಪು. ಹುದುಗಿಲ್ಲ, ಸೋಡಾವಿಲ್ಲ, ಉದ್ದಿಲ್ಲ. ಉಪ್ಪು ಎಷ್ಟೆಂಬುದು ಹೊಯ್ಯುವವರ ಕೈಯಲ್ಲಿಯೇ ಇದೆ. ಸೇಮಿಗೆ, ಪುಂಡಿ, ಕಾವಲಿಯ ಮೇಲೆ ತಟ್ಟಿದ ಅಕ್ಕಿರೊಟ್ಟಿ, ಇವುಗಳೂ ಇದೇ ಜಾತಿಯವು. ಇವುಗಳ ಜೊತೆಗೆ ಕೊಡುವುದರಲ್ಲಿ ಎಚ್ಚರಿಕೆ ಬೇಕು. ಬೆಲ್ಲದಲ್ಲಿ ಸಕ್ಕರೆಗಿಂತ ಪೊಟ್ಯಾಸಿಯಂ ಹೆಚ್ಚು. ತೆಂಗಿನಕಾಯಿಯ ಚಟ್ನಿಯು ಒಂದು ಚಮಚಕ್ಕೆ ಮುಗಿದರೆ ಬಾಧಕವಿಲ್ಲ, ಬಟ್ಟಲು ತುಂಬಿದರೆ ಬಾಧಕ. ಪತ್ರೊಡೆಯ ಕೆಸುವಿನ ಎಲೆಯಲ್ಲಿ ಪೊಟ್ಯಾಸಿಯಮೂ ಆಕ್ಸಲೇಟೂ ಹೇರಳವಾಗಿರುವುದರಿಂದ ಅದು ಇಂತಹ ರೋಗಿಗೆ ತಕ್ಕುದಲ್ಲ. ಅಂಗಡಿಯಿಂದ ಕಟ್ಟಾಗಿ ತರುವ ಗರಿಗರಿಯಾದ ಒಣರೊಟ್ಟಿಯು ಅಕ್ಕಿಯದೇ ಆದರೂ, ಉಪ್ಪನ್ನು ಮಾಡುವವರೇ ಹಾಕಿರುವರು. ಅದರ ಮೇಲೆ ಸುರಿಯುವ ಕೋಳಿಯ ಸಾರಿನಲ್ಲಿ ಮತ್ತಷ್ಟು ಸೇರುವುದು. ಹಬ್ಬಕ್ಕೊಮ್ಮೆ ವೈದ್ಯರನ್ನು ಕೇಳಿ ತಿನ್ನಲಿ.

ಎಲ್ಲಕ್ಕಿಂತ ಮಿಗಿಲಾದುದು ಗಂಜಿ. ಉಪ್ಪು ಹಾಕದೆ ಬೇಯಿಸಿದ ಗಂಜಿಯಲ್ಲಿ ಸೋಡಿಯಂ ಇಲ್ಲವೆಂದೇ ಹೇಳಬಹುದು. ಗಂಜಿಯನ್ನು ಕೆಡಿಸುವುದು ಅದರ ಪಕ್ಕದ ನೆಂಜಿಕೊಳ್ಳುವ ಪದಾರ್ಥ. ಉಪ್ಪಿನಕಾಯಿ, ಒಣಮೀನು, ಹಪ್ಪಳ, ಮಳೆಗಾಲದ ಉಪ್ಪಡ್‌ಪಚ್ಚಿಲ್, ಒಂದಕ್ಕಿಂತ ಒಂದು ಹೆಚ್ಚು ಉಪ್ಪಿನವು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯಲ್ಲಂತೂ ಉಪ್ಪಿನೊಡನೆ ಹಲಸಿನ ಪೊಟ್ಯಾಸಿಯಮೂ ಕೂಡಿಕೊಂಡಿದೆ. ಇವುಗಳ ಬದಲಿಗೆ ನೀರಿನಲ್ಲಿ ಬೇಯಿಸಿ ಬಸಿದ ತೊಂಡೆಕಾಯಿ, ಸೌತೆ, ಹೀರೆಗಳ ಪಲ್ಯಕ್ಕೆ ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸುಗಳ ಒಗ್ಗರಣೆ ಕೊಟ್ಟರೆ ನಾಲಗೆಯು ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುವುದು. ಆದರೆ ಮೂತ್ರವು ಕಡಮೆಯಾಗಿ, ದಿನಕ್ಕೆ ಇಷ್ಟೇ ನೀರೆಂದು ವೈದ್ಯರು ಕಟ್ಟುಮಾಡಿದ ರೋಗಿಗೆ ಗಂಜಿಯ ತಿಳಿಯೂ ನೀರಿನ ಲೆಕ್ಕಕ್ಕೆ ಸೇರುವುದೆಂಬುದನ್ನು ಮರೆಯಬಾರದು. ಅಂಥವರಿಗೆ ಬಸಿದ ಅನ್ನವೋ ರೊಟ್ಟಿಯೋ ಮೇಲು.

ಇತಿಹಾಸದಿಂದ ಒಂದೆರಡು ಮಾತು

1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯರು ಮೈ ಬಾತುಕೊಂಡವರ ಮೂತ್ರದಲ್ಲಿ ಸಸಾರಜನಕವು ಹೊರಬೀಳುವುದಕ್ಕೂ ಕೆಟ್ಟ ಮೂತ್ರಪಿಂಡಗಳಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. 1939ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ಎಂಬವರು ತೀವ್ರವಾದ ರಕ್ತದ ಒತ್ತಡವೂ ಮೂತ್ರಪಿಂಡದ ರೋಗವೂ ಇದ್ದವರಿಗೆ ಅನ್ನ, ಹಣ್ಣು, ಸಕ್ಕರೆಗಳ ಪಥ್ಯವನ್ನು ಉಪ್ಪಿಲ್ಲದೆ ಕೊಡಲಾರಂಭಿಸಿದರು. ಒತ್ತಡಕ್ಕೆ ಒಳ್ಳೆಯ ಔಷಧಗಳಿಲ್ಲದ ಆ ದಿನಗಳಲ್ಲಿ ಅನೇಕರ ಬಾವು ಇಳಿದು ಒತ್ತಡವು ತಗ್ಗಿತು. ಆದರೆ ಅದು ವೈದ್ಯರ ಕಣ್ಣೆದುರಿನಲ್ಲಿ ನಡೆದ ಚಿಕಿತ್ಸೆ. ಹಣ್ಣುಗಳ ಆ ಪಥ್ಯವನ್ನು ಪೊಟ್ಯಾಸಿಯಂ ಏರಿದವರು ಇಂದು ತಾವಾಗಿ ಅನುಸರಿಸಿದರೆ ಪ್ರಾಣಕ್ಕೇ ಸಂಚಕಾರ. 1943ರಲ್ಲಿ ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಎಂಬವರು ಯುದ್ಧದ ನಡುವೆಯೇ ರಕ್ತಶುದ್ಧಿಯ ಯಂತ್ರವನ್ನು ನಿರ್ಮಿಸಿದರು. ಆ ಯಂತ್ರವು ಎಲ್ಲರಿಗೂ ದೊರೆಯದಿದ್ದ ಕಾಲದಲ್ಲಿ, 1964ರ ಹೊತ್ತಿಗೆ, ಇಟಲಿಯ ಜಿಯೊವನೆಟ್ಟಿ ಮತ್ತು ಮಜ್ಜೋರೆ ಎಂಬವರು ಸಸಾರಜನಕವು ಬಹಳ ಕಡಮೆಯಿರುವ ಪಥ್ಯವನ್ನು ಪ್ರಚಾರಕ್ಕೆ ತಂದರು. ಗೋಧಿಯ ಸಸಾರಜನಕವನ್ನು ಕಳೆದು ಪಿಷ್ಟದಿಂದ ಮಾಡಿದ ಬ್ರೆಡ್ಡಿನಂತಹ ತಿನಿಸುಗಳು ಇಂತಹ ಪಥ್ಯಕ್ಕೆ ಆಧಾರವಾದುವು.

ಈಗಿನ ವೈದ್ಯರು ಅಷ್ಟು ಬಿಗಿಯಾಗಿ ಹೋಗುವುದಿಲ್ಲ. ಮಧ್ಯಮ ಮತ್ತು ಕೊನೆಯ ಹಂತಗಳಲ್ಲಿದ್ದು ಡಯಾಲಿಸಿಸ್ ಇಲ್ಲದವರಿಗೆ ದೇಹದ ತೂಕದ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 0.8 ಗ್ರಾಂ ಸಸಾರಜನಕ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ 1ರಿಂದ 1.2 ಗ್ರಾಂ ಎಂಬುದು ಸಾಮಾನ್ಯವಾದ ಅಳತೆ. 50 ಕಿಲೋಗ್ರಾಂ ತೂಕದವರಿಗೆ ಮೊದಲನೆಯದು 40 ಗ್ರಾಂ, ಎರಡನೆಯದು 50ರಿಂದ 60 ಗ್ರಾಂ. ನಾಲ್ಕು ಹೋಳು ಬ್ರೆಡ್ಡಿನಲ್ಲಿ ದೊರೆಯುವುದು 8, 9 ಗ್ರಾಂ ಮಾತ್ರ. ಡಯಾಲಿಸಿಸ್ ಪಡೆಯುವವರನ್ನು "ಪಥ್ಯ" ಎಂದು ಬರಿಯ ಬ್ರೆಡ್ಡು ಚಹಾಗಳ ಮೇಲೆ ಇರಿಸಿದರೆ ಅವರು ರೋಗಕ್ಕಿಂತ ಮೊದಲು ಹಸಿವಿನಿಂದಲೇ ಸೊರಗುವರು. ಅವರಿಗೆ ಮೊಟ್ಟೆಯ ಬಿಳಿಯ ಭಾಗ, ತಾಜಾ ಮೀನು, ಅಳತೆಯರಿತ ಬೇಳೆ, ಇವು ಆವಶ್ಯಕ.

ಮನೆಯಲ್ಲಿಯೇ ಬ್ರೆಡ್ಡು

ಬ್ರೆಡ್ಡನ್ನೇ ಬಯಸುವವರಿಗೆ ಉಪ್ಪಿಲ್ಲದ ಬ್ರೆಡ್ಡನ್ನು ಮನೆಯಲ್ಲಿ ಮಾಡಿಕೊಡಬಹುದು. ಅರ್ಧ ಕಿಲೋಗ್ರಾಂ ಹಿಟ್ಟಿಗೆ ಒಂದೂವರೆ ಚಿಕ್ಕ ಚಮಚ ಒಣ ಯೀಸ್ಟು, ಒಂದು ಚಮಚ ಸಕ್ಕರೆ, ಎರಡು ಚಮಚ ಎಣ್ಣೆ, ಸುಮಾರು 300 ಮಿಲಿಲೀಟರ್ ಉಗುರುಬೆಚ್ಚಗಿನ ನೀರು. ಚೆನ್ನಾಗಿ ನಾದಿ ಒದ್ದೆಬಟ್ಟೆ ಮುಚ್ಚಿಡಬೇಕು. ಉಪ್ಪಿನ ತಡೆಯಿಲ್ಲದೆ ಹಿಟ್ಟು ಬೇಗನೆ ಉಬ್ಬುವುದರಿಂದ, ಅದರಲ್ಲಿಯೂ ನಮ್ಮ ಕರಾವಳಿಯ ಸೆಕೆಯಲ್ಲಿ, ಆಗಾಗ ನೋಡುತ್ತಿರಬೇಕು. ಇಮ್ಮಡಿಯಾದೊಡನೆ ಮತ್ತೆ ನಾದಿ, ಅಚ್ಚಿನಲ್ಲಿಟ್ಟು, ಇನ್ನೊಮ್ಮೆ ಉಬ್ಬಿದ ಮೇಲೆ 200 ಡಿಗ್ರಿ ಶಾಖದಲ್ಲಿ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಮೆ ಬೇಯಿಸುವುದು. ಜೀರಿಗೆಯನ್ನೋ ಓಮವನ್ನೋ ಕೂಡಿಸಿದರೆ ಉಪ್ಪಿನ ಕೊರತೆಯು ತೋರದು. ಒಲೆಯ ಸೌಕರ್ಯವಿಲ್ಲದವರಿಗೆ ಉಪ್ಪಿಲ್ಲದ ಚಪಾತಿಯೇ ಸಾಕು.

ಒಂದು ಮುಖ್ಯವಾದ ಎಚ್ಚರಿಕೆ. ಸೋಡಿಯಂ ಕಡಮೆಯಿರುವ ಉಪ್ಪೆಂದು ಅಂಗಡಿಗಳಲ್ಲಿ ಮಾರುವ ಪದಾರ್ಥದಲ್ಲಿ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿರುವುದುಂಟು. ಇದು ಮೂತ್ರಪಿಂಡದ ರೋಗಿಗೆ ಉಪ್ಪಿಗಿಂತಲೂ ಅಪಾಯಕರವಾಗಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯವು ನಿಲ್ಲುವುದುಂಟು. ಬೊಂಡದ ನೀರಿನಲ್ಲಿ ಒಂದು ಲೋಟಕ್ಕೆ 500 ಮಿಲಿಗ್ರಾಮಿನಷ್ಟು ಪೊಟ್ಯಾಸಿಯಂ ಇರಬಹುದಾದುದರಿಂದ ಅದೂ ನಿಷಿದ್ಧ. ನಮ್ಮ ಹಿತ್ತಿಲಿನ ದಾರೆಹುಳಿಯು ಇಂತಹವರ ಮೆದುಳಿಗೆ ವಿಷವಾಗುವುದು. ಬಿಕ್ಕಳಿಕೆ, ಭ್ರಮೆ, ಅಪಸ್ಮಾರಗಳು ಬರುವುವು. ಬಿಂಬುಳಿಯ ರಸವು ಕೊಬ್ಬನ್ನು ಕರಗಿಸುವುದೆಂದು ಕುಡಿದು ಮೂತ್ರಪಿಂಡಗಳನ್ನು ಕೆಡಿಸಿಕೊಂಡ 10 ಮಂದಿಯ ವೃತ್ತಾಂತವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿರುವರು.

ನೋಡಲು ಹೋಗುವವರಿಗೆ

ಪಥ್ಯದ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನೋಯುವವಳು ಅಡಿಗೆ ಮಾಡುವವಳು. ಉಪ್ಪು ಹಾಕದಿದ್ದರೆ ರೋಗಿಯು ತಟ್ಟೆಯನ್ನು ದೂಡುವನು. ಹಾಕಿದರೆ ರಾತ್ರಿ ಅವನ ಉಸಿರಾಟವನ್ನು ಕೇಳುತ್ತ ಅವಳು ಎಚ್ಚರವಾಗಿರಬೇಕು. ನೆಂಟರು ಬಂದು, "ಪಾಪ, ಬಾಯಿಗೆ ರುಚಿಯಾದುದನ್ನು ಒಂದು ತುತ್ತಾದರೂ ಕೊಡಬಾರದೇ?" ಎಂದರೆ, ಅವಳು ದಯೆಯಿಲ್ಲದವಳೆಂಬ ಅಪವಾದಕ್ಕೂ ಗುರಿಯಾಗುವಳು. ಮನೆಮಂದಿಯೆಲ್ಲರೂ ಉಪ್ಪನ್ನು ತಗ್ಗಿಸಿ ಒಂದೇ ಪಾತ್ರೆಯಿಂದ ಉಂಡರೆ ರೋಗಿಗೆ ತಾನೊಬ್ಬನೇ ಬೇರೆಯಾದೆನೆಂಬ ದುಃಖವು ಕಡಮೆಯಾಗುವುದು. ಉಳಿದವರ ರಕ್ತದ ಒತ್ತಡಕ್ಕೂ ಅದು ಹಿತ. ಬೇಕಾದವರು ತಮ್ಮ ಎಲೆಯಲ್ಲಿ ಚಿಟಿಕೆ ಉಪ್ಪನ್ನು ಬಡಿಸಿಕೊಳ್ಳಲಿ.

ಬರಿಗೈಯಲ್ಲಿ ಹೋಗಲು ಮನಸ್ಸೊಪ್ಪದ ನೆಂಟರು ಬ್ರೆಡ್ಡು, ಬಾಳೆಹಣ್ಣು, ಬೊಂಡಗಳ ಚೀಲದ ಬದಲಿಗೆ ಎರಡು ಸೇಬನ್ನೋ ಒಂದು ಅನಾನಸನ್ನೋ ಕೊಂಡುಹೋಗಲಿ. ಇವುಗಳಲ್ಲಿ ಪೊಟ್ಯಾಸಿಯಂ ಕಡಮೆ. ಸಿಹಿಮೂತ್ರವಿದ್ದವರಿಗೆ ಎಷ್ಟು ಕೊಡಬಹುದೆಂದು ಮನೆಯವರನ್ನು ಕೇಳಿದರಾಯಿತು. ಇಲ್ಲವೇ ವಾರಕ್ಕೊಂದು ದಿನ ರೋಗಿಯೊಡನೆ ಡಯಾಲಿಸಿಸ್‌ಗೆ ತಾವೇ ಹೋಗಿ, ನಾಲ್ಕು ತಾಸು ಅವನ ಬಳಿಯಲ್ಲಿ ಕುಳಿತು, ಆ ಹೊತ್ತು ಮನೆಯವಳಿಗೆ ನಿದ್ರೆ ಮಾಡಲು ಬಿಡಲಿ. ಚೀಲದಲ್ಲಿ ಹಿಡಿಯದ ಈ ಉಡುಗೊರೆಯನ್ನು ಯಾವ ವೈದ್ಯನೂ ಬೇಡವೆನ್ನಲಾರನು.